ಮಹಾಲಯದ ಮರುದಿನ ತೆರೆಯುವ ಪೆಟ್ಟಿಗೆ

ಅಜ್ಜಿ ತೀರಿಹೋದ ಮನೆಯಲ್ಲಿ ದೊಡ್ಡವರಿಗೆ ಕೈತುಂಬ ಕೆಲಸವಿರುತ್ತದೆ. ಪುರೋಹಿತರಿಗೆ ಹೇಳಿಕಳಿಸಬೇಕು, ನೆಂಟರಿಗೆ ತಿಳಿಸಬೇಕು, ಹತ್ತನೆಯ ದಿನಕ್ಕೂ ಹದಿಮೂರನೆಯ ದಿನಕ್ಕೂ ಸಾಮಾನು ಹೊಂದಿಸಬೇಕು. ಮಗುವಿಗೆ ಅಲ್ಲಿ ಯಾವ ಕೆಲಸವೂ ಇರುವುದಿಲ್ಲ. ಅದರ ದುಃಖಕ್ಕೆ ಒಂದು ದಾರಿ ತೆರೆಯುವುದು ಎಲ್ಲ ಮುಗಿದ ಮೇಲೆ, ಮನೆಯಲ್ಲಿ ಉಳಿದ ವಸ್ತುಗಳ ಮೂಲಕ. ಬೆಂಗಳೂರಿನ ಗಾಂಧಿ ಬಜಾರಿನ ಸುತ್ತಲಿನ ಬಸವನಗುಡಿ, ಗವಿಪುರ, ಶಂಕರಪುರ, ಚಾಮರಾಜಪೇಟೆಗಳ ಹಳೆಯ ಮನೆಗಳಲ್ಲಿ ಈ ವಸ್ತುಗಳಿಗೆ ಒಂದು ಕ್ರಮವಿತ್ತು. ಯಾವುದು ಸತ್ತವರೊಡನೆ ಹೊರಟುಹೋಗಬೇಕು, ಯಾವುದು ಯಾರ ಪಾಲಿಗೆ, ಯಾವುದನ್ನು ವರ್ಷದ ಯಾವ ದಿನ ಹೊರತೆಗೆಯಬೇಕು ಎಂಬುದೆಲ್ಲ ಶಾಸ್ತ್ರ, ಕಾನೂನು, ಪಂಚಾಂಗ ಮೂರೂ ಸೇರಿ ಗೊತ್ತುಮಾಡಿದ ಸಂಗತಿ. ಆ ಕ್ರಮದ ನಡುವೆ ನಿಂತದ್ದು ದಸರಾ ಗೊಂಬೆಗಳ ಪೆಟ್ಟಿಗೆ.

ಈ ಬಡಾವಣೆಗಳು ಬೆಳೆದದ್ದೇ ಒಂದು ದೊಡ್ಡ ಸಾವಿನ ಬೆನ್ನಲ್ಲಿ. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟಿನ ಕೇರಿಗಳು ಬರಿದಾದವು, ಜನ ಊರಾಚೆ ಗುಡಿಸಲು ಕಟ್ಟಿಕೊಂಡು ತಿಂಗಳುಗಟ್ಟಲೆ ಕಳೆದರು. ಚಾಮರಾಜಪೇಟೆಯ ಬಡಾವಣೆ ಅದಕ್ಕೂ ಮೊದಲೇ, 1892ರಲ್ಲಿ ಆರಂಭವಾಗಿತ್ತು; ಅಗಲ ರಸ್ತೆ, ಗಾಳಿ ಬೆಳಕು, ಮನೆಗೊಂದು ಹಿತ್ತಲು ಎಂಬ ಲೆಕ್ಕದಲ್ಲಿ ಬಸವನಗುಡಿಯೂ ಮಲ್ಲೇಶ್ವರವೂ ತುಂಬಿಕೊಂಡದ್ದು ಪ್ಲೇಗಿನ ನಂತರ. ಸುಂಕೇನಹಳ್ಳಿಯ ಹೊಲಗಳ ನಡುವೆ ಒಂಟಿಯಾಗಿದ್ದ ಕೆಂಪೇಗೌಡರ ಕಾಲದ ಬಸವನ ದೇವಸ್ಥಾನದ ಸುತ್ತ ಕೆಲವೇ ದಶಕಗಳಲ್ಲಿ ಮನೆಗಳು ಎದ್ದವು. ರೋಗಿ ಮಲಗಿದ ಹಾಸಿಗೆ, ಉಟ್ಟ ಬಟ್ಟೆ ಸುಟ್ಟುಹಾಕುವುದು ಆ ಕಾಲದ ಪ್ಲೇಗು ನಿಯಂತ್ರಣದ ಸಾಮಾನ್ಯ ಕ್ರಮ. ಲೋಹ ಕುದಿನೀರನ್ನು ತಡೆದುಕೊಳ್ಳುತ್ತದೆ, ಗಟ್ಟಿ ಮರವನ್ನು ಉಜ್ಜಿ ತೊಳೆಯಬಹುದು. ಅರಿವೆ, ಹಾಸಿಗೆ, ಚಾಪೆಗಳಿಗೆ ಆ ಭಾಗ್ಯವಿಲ್ಲ. ಬಸವನಗುಡಿಯ ಮನೆತನಗಳಲ್ಲಿ ಮುತ್ತಜ್ಜಿಯ ಕಾಲದ್ದೆಂದು ತೋರಿಸುವ ವಸ್ತುಗಳು ಹೆಚ್ಚಾಗಿ ತಾಮ್ರ, ಹಿತ್ತಾಳೆ, ಬೆಳ್ಳಿ, ಮರದವೇ ಆಗಿರುವುದಕ್ಕೆ ಇದೂ ಒಂದು ಕಾರಣವಿದ್ದೀತು.

ಸಾವಿನ ನಂತರದ ಕರ್ಮಗಳಲ್ಲಿ ಮಗು ಮೊದಲು ಕಾಣುವುದು ಕೊಡುವುದನ್ನು. ದಾನದಲ್ಲಿ ಕೊಡೆ, ಪಾದರಕ್ಷೆ, ಊರುಗೋಲು, ದೀಪ, ನೀರಿನ ಪಾತ್ರೆ, ವಸ್ತ್ರ, ಕೆಲವು ಮನೆಗಳಲ್ಲಿ ಹಾಸಿಗೆ ದಿಂಬುಗಳೂ ಹೋಗುತ್ತವೆ. ಹೋದವರಿಗೆ ದಾರಿಯಲ್ಲಿ ಬೇಕಾಗುವ ಸಾಮಾನು ಇವು ಎಂಬ ಭಾವನೆ ಇದರ ಹಿಂದಿದೆ. ಈ ಸಾಮಾನೆಲ್ಲ ಬಹುಮಟ್ಟಿಗೆ ಹೊಸದು, ಅಂಗಡಿಯಿಂದ ತಂದದ್ದು. ಗಾಂಧಿ ಬಜಾರಿನಂಥ ಪೇಟೆಯ ಗ್ರಂಧಿಗೆ ಅಂಗಡಿ ಇದಕ್ಕೂ ಒದಗುತ್ತದೆ, ಹಬ್ಬಕ್ಕೂ ಒದಗುತ್ತದೆ. ದರ್ಭೆ, ಕರಿ ಎಳ್ಳು ಅಳೆದುಕೊಡುವ ಕೈಯೇ ಅರಿಸಿನ ಕುಂಕುಮವನ್ನೂ ಕಟ್ಟಿಕೊಡುತ್ತದೆ. ಅಜ್ಜ ನಿಜವಾಗಿ ಹಿಡಿದು ನಡೆದ ಕೋಲು, ಹಿಡಿ ಸವೆದ ಕೊಡೆ ಹೀಗೆ ಮನೆಯಲ್ಲೇ ಉಳಿಯುತ್ತದೆ. ಕರ್ಮ ಹೊಸ ವಸ್ತುವನ್ನು ಕಳುಹಿಸಿ ಹಳೆಯದನ್ನು ಮನೆಗೆ ಬಿಟ್ಟುಕೊಡುತ್ತದೆ. ಬಾಗಿಲ ಹಿಂದೆ ಒರಗಿಸಿದ ಆ ಕೋಲನ್ನು ಮಗು ಎತ್ತಿಕೊಂಡು ಅಜ್ಜನಂತೆ ನಡೆದು ತೋರಿಸಿದರೆ ಹಿರಿಯರು ಗದರುತ್ತಿದ್ದುದು ಅಪರೂಪ.

ಶಾಸ್ತ್ರದ ಲೆಕ್ಕ ಎಲ್ಲ ಮಕ್ಕಳಿಗೂ ಒಂದೇ ಅಲ್ಲ. ಮಗನ ಮಕ್ಕಳಿಗೆ ಹತ್ತು ದಿನದ ಸೂತಕ; ಮಗಳ ಮಕ್ಕಳಿಗೆ ಅದಕ್ಕಿಂತ ಕಡಿಮೆ. ಹೆರಿಗೆ, ಬಾಣಂತನ, ಬೇಸಿಗೆ ರಜೆ ಎಲ್ಲವೂ ಅಮ್ಮನ ತವರಿನಲ್ಲಿ ಕಳೆಯುತ್ತಿದ್ದ ಕಾಲದಲ್ಲಿ ಮಗುವಿಗೆ ಹೆಚ್ಚು ಹತ್ತಿರದವಳು ತಾಯಿಯ ತಾಯಿ. ಅವಳು ಹೋದಾಗ ಆ ಮಗುವಿನ ದುಃಖಕ್ಕೆ ಸಿಗುತ್ತಿದ್ದ ದಿನಗಳು ಕಡಿಮೆ. ಈ ಕೊರತೆಯನ್ನು ಒಂದಿಷ್ಟು ತುಂಬಿಕೊಟ್ಟದ್ದು ಸ್ತ್ರೀಧನದ ನಿಯಮ. ಮಿತಾಕ್ಷರ ಪದ್ಧತಿಯಲ್ಲಿ ಹೆಂಗಸಿನ ಸ್ತ್ರೀಧನ ಮೊದಲು ಹೆಣ್ಣುಮಕ್ಕಳಿಗೆ, ಅವರ ನಂತರ ಮಗಳ ಮಗಳಿಗೆ. ಗಂಡುಮಕ್ಕಳ ಸರದಿ ಆಮೇಲೆ. ಮೈಸೂರು ಸಂಸ್ಥಾನ 1933ರಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ ಮಾಡಿದಾಗ ಸ್ತ್ರೀಧನಕ್ಕೆ ಸ್ಪಷ್ಟ ರೂಪ ಸಿಕ್ಕಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದು ಗಂಡು ಹೆಣ್ಣು ಮಕ್ಕಳನ್ನು ಒಟ್ಟಿಗೆ ವಾರಸುದಾರರನ್ನಾಗಿ ಮಾಡಿದ ಮೇಲೂ ಅಜ್ಜಿಯ ಓಲೆ, ಬೆಳ್ಳಿಯ ಕುಂಕುಮದ ಭರಣಿ, ಗೊಂಬೆಯ ಪೆಟ್ಟಿಗೆ ಹೆಣ್ಣುಮಕ್ಕಳ ಸಾಲಿನಲ್ಲೇ ಇಳಿದುಬರುವ ರೂಢಿ ಬಹಳ ಮನೆಗಳಲ್ಲಿ ಬದಲಾಗಲಿಲ್ಲ. ‘ಇದು ನಿಮ್ಮಜ್ಜೀದು, ನಾಳೆ ನಿಂದು’ ಎಂಬ ಮಾತು ಮೊಮ್ಮಗಳ ಕಿವಿಗೆ ಬಿದ್ದದ್ದು ಈ ರೂಢಿಯಿಂದ.

ಮಗುವನ್ನು ನೆನಪಿಗೆ ಮರಳಿಸುವ ಕೆಲಸವನ್ನು ಪಂಚಾಂಗ ವಹಿಸಿಕೊಂಡಿತು. ಭಾದ್ರಪದದ ಕೃಷ್ಣಪಕ್ಷ ಪಿತೃಗಳದ್ದು. ಅದು ಮಹಾಲಯ ಅಮಾವಾಸ್ಯೆಗೆ ಮುಗಿಯುತ್ತದೆ. ಶ್ರಾದ್ಧ ತರ್ಪಣಗಳಲ್ಲಿ ಮೂರು ತಲೆಮಾರಿನ ಹೆಸರು ಹೇಳುತ್ತಾರೆ, ವಸು, ರುದ್ರ, ಆದಿತ್ಯ ಸ್ವರೂಪರೆಂದು. ಇಂದು ಅಪ್ಪ ವಸುಸ್ವರೂಪನೆಂದು ಹೆಸರು ಹೇಳುವ ಅಜ್ಜನನ್ನು ಮುಂದೊಂದು ದಿನ ಈ ಮಗುವೇ ರುದ್ರಸ್ವರೂಪನೆಂದು ಕರೆಯಬೇಕು. ಮಹಾಲಯದಲ್ಲಿ ಈ ವಲಯ ಇನ್ನೂ ದೊಡ್ಡದು. ತಾಯಿಯ ಕಡೆಯವರು, ಗುರುಗಳು, ಗೆಳೆಯರು, ಹೀಗೆ ಕರುಣೆಯ ಸಂಬಂಧವಿದ್ದವರೆಲ್ಲ ಸೇರುತ್ತಾರೆ. ಗೋತ್ರದೊಡನೆ ಅಜ್ಜಿಯ ಪೂರ್ತಿ ಹೆಸರು ಎಷ್ಟೋ ಮಕ್ಕಳ ಕಿವಿಗೆ ಮೊದಲ ಬಾರಿ ಬೀಳುವುದು ಇಲ್ಲಿ. ಬದುಕಿದ್ದಾಗ ಅವಳು ಬರೀ ಅಜ್ಜಿ.

ಪಿತೃಪಕ್ಷ ಬ್ರಾಹ್ಮಣರ ಮನೆಗಳಿಗೆ ಸೀಮಿತವಲ್ಲ. ಹಳೆ ಮೈಸೂರಿನ ಒಕ್ಕಲಿಗ, ಕುರುಬ ಮುಂತಾದ ಸಮುದಾಯಗಳಲ್ಲಿ ಇದು ಹಿರಿಯರ ಹಬ್ಬ. ಕಳಶವಿಟ್ಟು, ಹಿರಿಯರ ಹೆಸರಿನಲ್ಲಿ ಹೊಸ ಬಟ್ಟೆ ಇಟ್ಟು, ಅವರಿಗೆ ಏನು ಇಷ್ಟವಿತ್ತೋ ಅದನ್ನೇ ಮಾಡಿ ಎಡೆ ಹಾಕುತ್ತಾರೆ. ಮಾಂಸದಡುಗೆ, ಎಲೆ ಅಡಿಕೆ, ಬೀಡಿ, ಏನಿದ್ದರೂ ಸರಿ. ತಾತನ ಇಷ್ಟವನ್ನು ಇಷ್ಟು ನೇರವಾಗಿ ಮೊಮ್ಮಕ್ಕಳ ಮುಂದೆ ಇಡುವ ಪದ್ಧತಿ ಇನ್ನೊಂದಿಲ್ಲ. ಲಿಂಗಾಯತ ಸಂಪ್ರದಾಯ ಸೂತಕವನ್ನೇ ಒಪ್ಪುವುದಿಲ್ಲ. ದೇಹವನ್ನು ಸಮಾಧಿ ಮಾಡುವಾಗ ಇಷ್ಟಲಿಂಗ ಅವರೊಡನೆಯೇ ಹೋಗುತ್ತದೆ. ದಿನವೂ ಅಂಗೈಯಲ್ಲಿಟ್ಟು ಪೂಜಿಸಿದ, ಎದೆಗೆ ಎಲ್ಲಕ್ಕಿಂತ ಹತ್ತಿರವಿದ್ದ ಆ ವಸ್ತು ಯಾರಿಗೂ ಬಳುವಳಿಯಾಗಿ ಬರುವುದಿಲ್ಲ.

ಮಹಾಲಯ ಅಮಾವಾಸ್ಯೆಯ ಮರುದಿನವೇ ಆಶ್ವಯುಜದ ಪಾಡ್ಯ, ನವರಾತ್ರಿಯ ಮೊದಲ ದಿನ. ಹಿರಿಯರ ಪಕ್ಷಕ್ಕೂ ಮಕ್ಕಳ ಹಬ್ಬಕ್ಕೂ ನಡುವೆ ಒಂದು ರಾತ್ರಿ. ಎಳ್ಳು ನೀರು ಬಿಟ್ಟ ಮನೆಯಲ್ಲೇ ಮರುದಿನ ಅಟ್ಟದಿಂದ ಗೊಂಬೆಯ ಪೆಟ್ಟಿಗೆ ಇಳಿಯುತ್ತದೆ. ಈ ಎರಡು ಆಚರಣೆಗಳನ್ನು ಯಾರೂ ಬೇಕೆಂದು ಜೋಡಿಸಿದ್ದಲ್ಲವಾದರೂ ಮಕ್ಕಳ ದೃಷ್ಟಿಯಿಂದ ನೋಡಿದರೆ ವರ್ಷದಲ್ಲಿ ಇದಕ್ಕಿಂತ ಹೊಂದಿಕೆಯಾದ ಜೋಡಣೆ ಬೇರೆ ಇಲ್ಲ.

ನವರಾತ್ರಿಯನ್ನು ರಾಜೋತ್ಸವವಾಗಿ ನಡೆಸಿದ್ದು ವಿಜಯನಗರ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣವನ್ನು ಕೈವಶ ಮಾಡಿಕೊಂಡ ಮೇಲೆ ಆ ಪರಂಪರೆಯನ್ನು ಅಲ್ಲಿ ಮುಂದುವರಿಸಿದರು. 1799ರ ನಂತರ ಉತ್ಸವ ಮೈಸೂರಿಗೆ ಬಂತು. ಅಲ್ಲಿನ ಅರಮನೆಯ ಗೊಂಬೆ ತೊಟ್ಟಿಯಲ್ಲಿ ಹತ್ತೊಂಬತ್ತನೆಯ ಮತ್ತು ಇಪ್ಪತ್ತನೆಯ ಶತಮಾನದ ಗೊಂಬೆಗಳು ಈಗಲೂ ಇವೆ. ಬೆಂಗಳೂರಿನ ಹೊಸ ಬಡಾವಣೆಗಳಲ್ಲಿ ಬಂದು ನೆಲೆಸಿದ ಸರ್ಕಾರಿ ನೌಕರರು, ಮೇಷ್ಟರುಗಳು, ವಕೀಲರ ಕುಟುಂಬಗಳು ಸಂಸ್ಥಾನದ ನಾನಾ ಊರುಗಳಿಂದ ಬಂದವು. ಹಬ್ಬ ಅವರೊಡನೆ ಬಂತು, ಗೊಂಬೆಗಳೂ ಬಂದವು.

ಗೊಂಬೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕೂರಿಸುತ್ತಾರೆ. ಮೇಲಿನ ಮೆಟ್ಟಿಲಲ್ಲಿ ಕೂರುವ ಪಟ್ಟದ ಗೊಂಬೆಗಳು ರಾಜ ರಾಣಿಯ ಜೋಡಿ. ಮದುವೆಯಲ್ಲಿ ಹೆಣ್ಣಿಗೆ ತವರಿನವರು ಕೊಡುವುದು. ಹಳೆಯ ಜೋಡಿಗಳು ಬಹುಪಾಲು ರಕ್ತಚಂದನದವು. ಆ ಮರ ಬೆಳೆಯುವುದು ಕಡಪ, ಚಿತ್ತೂರುಗಳ ಕಡೆಯ ಪೂರ್ವಘಟ್ಟಗಳಲ್ಲಿ. ಗೊಂಬೆಗಳು ಬರುತ್ತಿದ್ದುದು ತಿರುಪತಿಯಿಂದ, ಯಾತ್ರೆಗೆ ಹೋದವರ ಗಂಟಿನಲ್ಲಿ. ರಕ್ತಚಂದನವನ್ನು 1995ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿಸಲಾಯಿತು, ದೇಶದೊಳಗೂ ಕಡಿತ ಸಾಗಣೆಗಳ ಮೇಲೆ ಬಿಗಿಯಾದ ಕಾನೂನಿದೆ. ಹೀಗಾಗಿ ಬೇರೆ ಮರದಲ್ಲಿ ಕೆತ್ತಿ ಬಣ್ಣ ಹಚ್ಚಿದ ಜೋಡಿಗಳು ಮಾರುಕಟ್ಟೆಗೆ ಬಂದಿವೆ. ಅಜ್ಜಿಯ ಮದುವೆಯ ಜೋಡಿ ಕಳೆದುಹೋದರೆ ಅಂಥದ್ದು ಮತ್ತೆ ಸಿಗುವುದು ಕಷ್ಟ. ಚಿಕ್ಕ ಮಕ್ಕಳಿಗೆ ಮೈಮೇಲೆ ಏನಾದರೂ ಎದ್ದಾಗ ಹಳೆಯ ರಕ್ತಚಂದನದ ಗೊಂಬೆಯನ್ನು ಕಲ್ಲಿನ ಮೇಲೆ ತೇದು ಲೇಪ ಹಚ್ಚುವ ಮನೆಮದ್ದೂ ಇತ್ತು. ಬೆನ್ನು ಸವೆದ ಗೊಂಬೆಯನ್ನು ಕಂಡರೆ ಆ ಮನೆಯಲ್ಲಿ ಎಷ್ಟೋ ಮಕ್ಕಳು ಬೆಳೆದಿದ್ದಾರೆಂದು ಅರ್ಥ.

ಪಟ್ಟದ ಗೊಂಬೆಗೆ ಪ್ರತಿ ವರ್ಷ ಹೊಸ ಬಟ್ಟೆ ಉಡಿಸಬೇಕು. ರೇಷ್ಮೆಯ ತುಂಡು, ಜರಿಯ ಚೂರು, ಸಣ್ಣ ಮುತ್ತಿನ ಸರ. ಆ ತುಂಡು ಬಹಳ ಸಲ ಸವೆದುಹೋದ ಧಾರೆ ಸೀರೆಯದು. ಕೆಳಗಿನ ಮೆಟ್ಟಿಲುಗಳಲ್ಲಿ ದಶಾವತಾರ, ರಾಮನ ಪಟ್ಟಾಭಿಷೇಕ, ಚನ್ನಪಟ್ಟಣದ ಅರಗಿನ ಬಣ್ಣದ ಆಟಿಕೆಗಳು, ಕೊಂಡಪಲ್ಲಿಯ ಹಗುರ ಮರದ ಗೊಂಬೆಗಳು, ಜಪಾನಿನ ಪಿಂಗಾಣಿ, ಅಜ್ಜಿಯೇ ಕೋತ ಮಣಿ ಕೆಲಸದ ತೆಂಗಿನಕಾಯಿ. ಚನ್ನಪಟ್ಟಣದ ಆಟಿಕೆಗಳಿಗೆ ಬಳಸುವುದು ಆಲೆ ಮರ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಾವಾಸ್ ಮಿಯಾ ಜಪಾನಿನ ಕುಶಲತೆಯನ್ನು ಅಲ್ಲಿಗೆ ತಂದವರೆಂದು ಹೆಸರಾದರು. ಶೆಟ್ಟಿ ಶೆಟ್ಟಮ್ಮರ ಗೊಂಬೆ ಇಲ್ಲದೆ ಮೆಟ್ಟಿಲು ತುಂಬುವುದಿಲ್ಲ. ಅವರ ಮುಂದೆ ಪುಟ್ಟ ಬಟ್ಟಲುಗಳಲ್ಲಿ ಅಕ್ಕಿ, ಬೇಳೆ, ಬೆಲ್ಲ ಇಟ್ಟು ಅಂಗಡಿ ಹೂಡುವುದು ಮಕ್ಕಳ ಕೆಲಸ. ಪಾರ್ಕು ಮಾಡುವುದೂ ಅವರದೇ. ಹಬ್ಬಕ್ಕೆ ಒಂದು ವಾರ ಮುಂಚೆ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಚೆಲ್ಲಿ ನೀರು ಚಿಮುಕಿಸಿದರೆ ಪಾಡ್ಯದ ಹೊತ್ತಿಗೆ ಹಸಿರು ಏಳುತ್ತದೆ. ರಾಗಿಯನ್ನು ಯಾವ ದಿನ ಬಿತ್ತಬೇಕು, ಎಷ್ಟು ನೀರು ಹಾಕಬೇಕು ಎಂಬುದನ್ನು ಮೊಮ್ಮಕ್ಕಳಿಗೆ ಕಲಿಸಿದವಳು ಸಾಮಾನ್ಯವಾಗಿ ಅಜ್ಜಿ.

ಸಾವಾದ ವರ್ಷ ಹಬ್ಬವಿಲ್ಲ. ಮಾಸಿಕಗಳು ಮುಗಿದು ವರ್ಷಾಂತಿಕವಾಗುವ ತನಕ ಆ ಮನೆಯಲ್ಲಿ ಗೊಂಬೆ ಕೂರಿಸುವುದಿಲ್ಲ. ಒಮ್ಮೆ ಆರಂಭಿಸಿದ್ದನ್ನು ಮುರಿಯಬಾರದೆಂದು ಪಟ್ಟದ ಜೋಡಿಯನ್ನಷ್ಟೇ ದೇವರ ಮುಂದೆ ಇಟ್ಟು ಎತ್ತುವ ಮನೆಗಳೂ ಇವೆ. ಬೀದಿಯ ಮಕ್ಕಳು ‘ಗೊಂಬೆ ಕೂರ್ಸಿದೀರಾ?’ ಎಂದು ಮನೆಮನೆಗೆ ಹೋಗಿ ಬಾಗಿನದ ಉಸಲಿ, ಕೊಬ್ಬರಿ ಮಿಠಾಯಿ ಇಸಿದುಕೊಳ್ಳುವ ಒಂಬತ್ತು ದಿನವೂ ಈ ಮನೆಯ ಮಗು ‘ನಮ್ಮನೇಲಿ ಈ ವರ್ಷ ಇಲ್ಲ’ ಎನ್ನಬೇಕು. ಅಜ್ಜಿ ಇಲ್ಲವೆಂಬುದನ್ನು ಹೊರಗಿನವರಿಗೆ ತನ್ನ ಬಾಯಿಂದಲೇ ಹೇಳುವ ಸಂದರ್ಭ ಅದಕ್ಕೆ ಬರುವುದು ಆಗ. ಕಷ್ಟದ ಮಾತು, ಆದರೆ ಅದಕ್ಕೊಂದು ಸಿದ್ಧವಾದ ವಾಕ್ಯವಿತ್ತು, ಕೇಳಿದವರಿಗೆ ಅರ್ಥವೂ ಆಗುತ್ತಿತ್ತು. ಕಾರಣ ಕೇಳಿ ಯಾರೂ ಕಾಡುತ್ತಿರಲಿಲ್ಲ.

ಮುಂದಿನ ವರ್ಷ ಪೆಟ್ಟಿಗೆ ತೆರೆದಾಗಲೇ ನಿಜವಾದ ಪರೀಕ್ಷೆ. ಗೊಂಬೆಗಳನ್ನು ಸುತ್ತಿಟ್ಟಿರುವುದು ಅಜ್ಜಿಯ ಹಳೆಯ ನೂಲಿನ ಸೀರೆಯ ಹರಕುಗಳಲ್ಲಿ, ತಾತನ ಪಂಚೆಯ ತುಂಡುಗಳಲ್ಲಿ, ಹಳೆಯ ಪತ್ರಿಕೆಗಳಲ್ಲಿ. ಪ್ರಜಾವಾಣಿ ಆರಂಭವಾದದ್ದು 1948ರಲ್ಲಿ. ಅದಕ್ಕೂ ಹಿಂದಿನ ತಾಯಿನಾಡು ಪತ್ರಿಕೆಯ ಹಾಳೆಗಳೂ ಇಂಥ ಪೆಟ್ಟಿಗೆಗಳ ತಳದಲ್ಲಿ ಸಿಕ್ಕರೆ ಅಚ್ಚರಿಯಿಲ್ಲ. ಕಳೆದ ಬಾರಿ ಸುತ್ತಿಟ್ಟ ಕೈ ಈಗಿಲ್ಲ, ಸುತ್ತಿದ ಮಡಿಕೆ ಹಾಗೇ ಇದೆ. ಯಾವ ಗೊಂಬೆ ಯಾವ ಮೆಟ್ಟಿಲಿಗೆ ಎಂಬ ಪಟ್ಟಿಯನ್ನು ಬರೆದಿಟ್ಟವರು ಕಡಿಮೆ, ಅದು ಅಜ್ಜಿಯ ತಲೆಯಲ್ಲಿತ್ತು. ಅವಳ ಪಕ್ಕ ಕೂತು ಒಂದೊಂದೇ ಎತ್ತಿಕೊಟ್ಟ ಮಗುವಿಗೆ ಅದು ಗೊತ್ತು, ಕೆಲಸಕ್ಕೆ ಹೋಗಿಬರುವ ಅಪ್ಪನಿಗಿಂತ ಚೆನ್ನಾಗಿ ಗೊತ್ತು. ‘ಅದಲ್ಲ, ಆನೆ ಅಂಬಾರಿ ಈ ಕಡೆ, ಅಜ್ಜಿ ಹಾಗೇ ಇಡ್ತಿದ್ರು’ ಎಂದು ಹೇಳುವ ಅಧಿಕಾರ ಆ ದಿನ ಆ ಮಗುವಿನದು. ಮನೆಯಲ್ಲಿ ಎಲ್ಲರಿಗಿಂತ ಕಿರಿಯರಾದವರು ಸತ್ತವರ ಪರವಾಗಿ ಮಾತಾಡುವ ಸಂದರ್ಭವನ್ನು ಬೇರೆ ಯಾವ ಹಬ್ಬವೂ ಒದಗಿಸುವುದಿಲ್ಲ. ಗೊಂಬೆ ಹಬ್ಬದ ಬಗ್ಗೆ ಬರೆಯುವವರು ಅದರ ಕಲೆಯನ್ನು ಹೊಗಳುತ್ತಾರೆ, ಈ ಕೆಲಸವನ್ನು ಗಮನಿಸುವುದು ಕಡಿಮೆ. ಗಮನಿಸಬೇಕಾದದ್ದು ಮೊದಲು ಇದನ್ನೇ. ವಿಜಯದಶಮಿಯ ರಾತ್ರಿ ಪಟ್ಟದ ಗೊಂಬೆಯನ್ನು ಶಾಸ್ತ್ರಕ್ಕೆ ಮಲಗಿಸಿ, ಮರುದಿನ ಮತ್ತೆ ಅದೇ ಬಟ್ಟೆಗಳಲ್ಲಿ ಸುತ್ತುತ್ತಾರೆ. ವರ್ಷಕ್ಕೊಮ್ಮೆ ತೆರೆದು ಮುಚ್ಚುವ ಈ ಕ್ರಮದಿಂದ ನೆನಪು ದಿನವೂ ಕಣ್ಣಿಗೆ ಚುಚ್ಚುವುದಿಲ್ಲ, ಮರೆತೂ ಹೋಗುವುದಿಲ್ಲ.

ಗೊಂಬೆಗಳ ಜೊತೆಗೆ ಪೆಟ್ಟಿಗೆಯಲ್ಲಿ ಸಿಗುವ ಇನ್ನೊಂದು ವಸ್ತು ಹಾಡಿನ ಪುಸ್ತಕ. ಆರತಿ ಹಾಡು, ಹಸೆಗೆ ಕರೆಯುವ ಹಾಡು, ದೇವರನಾಮಗಳನ್ನು ಹೆಂಗಸರು ನೋಟುಪುಸ್ತಕಗಳಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ಈ ಭಾಗದಲ್ಲಿ ಹೆಂಗಸರ ಓದು ಬರಹಕ್ಕೆ ಒಳ್ಳೆಯ ನೆಲೆಯಿತ್ತು. ಬಸವನಗುಡಿಯ ಮಹಿಳಾ ಸೇವಾ ಸಮಾಜ 1913ರಲ್ಲಿ ಆರಂಭವಾಯಿತು, ಚಾಮರಾಜಪೇಟೆಯಲ್ಲಿ ಆರ್. ಕಲ್ಯಾಣಮ್ಮ ‘ಸರಸ್ವತಿ’ ಪತ್ರಿಕೆ ನಡೆಸಿದರು, 1938ರಲ್ಲಿ ಮಕ್ಕಳ ಕೂಟ ಕಟ್ಟಿದರು. ಇಂಥ ವಾತಾವರಣದಲ್ಲಿ ಅಕ್ಷರ ಕಲಿತ ಒಬ್ಬ ಅಜ್ಜಿಯ ಬರವಣಿಗೆ ಅವಳ ಮೊಮ್ಮಗಳಿಗೆ ಸಿಕ್ಕರೆ ಅದು ಫೋಟೋಗಿಂತ ಹೆಚ್ಚಿನದು. ಎಣ್ಣೆಯ ಕಲೆ, ನಡುವೆ ಬರೆದ ಹಾಲಿನ ಲೆಕ್ಕ, ಉಸಿರು ತೆಗೆದುಕೊಳ್ಳಬೇಕಾದ ಕಡೆ ಹಾಕಿದ ಗೀಟು ಎಲ್ಲವೂ ಅದರಲ್ಲಿರುತ್ತವೆ. ಸಂಕ್ರಾಂತಿಗೆ ಹೊರಬರುವ ಸಕ್ಕರೆ ಅಚ್ಚಿನ ಮರದ ಪಡಿಯಚ್ಚುಗಳೂ ಹೀಗೆಯೇ. ಗಾಂಧಿ ಬಜಾರಿನಲ್ಲಿ ಎಳ್ಳು ಬೆಲ್ಲದೊಡನೆ ಸಿದ್ಧ ಸಕ್ಕರೆ ಅಚ್ಚು ಗುಡ್ಡೆ ಹಾಕಿ ಮಾರುತ್ತಾರೆ. ಆದರೂ ಅಜ್ಜಿಯ ಅಚ್ಚಿನಲ್ಲಿ ಒಂದು ಪಾಕವಾದರೂ ಎರೆಯುವ ಮನೆಗಳುಂಟು. ಅಳಗುಳಿ ಮಣೆ, ಕವಡೆ, ಪಗಡೆಗಳ ಮಾತು ಬೇರೆ. ಇವು ಅಜ್ಜಿ ಮೊಮ್ಮಕ್ಕಳಿಬ್ಬರೇ ಸೇರಿ ಆಡಿದವು. ಎದುರಾಳಿ ಹೋದ ಮೇಲೆ ಆಟ ನಿಲ್ಲುತ್ತದೆ, ಬೇರೊಬ್ಬ ಚಿಕ್ಕವನಿಗೆ ಕಲಿಸುವ ತನಕ.

ಪಾತ್ರೆಗಳ ಮೇಲೆ ಹೆಸರು ಕೊರೆಸುವುದು ಹಳೆಯ ಅಭ್ಯಾಸ. ಚಿಕ್ಕಪೇಟೆಯ ಕಡೆಯಿಂದ ತಂದ ಕೊಳಗ, ತಪ್ಪಲೆ, ಚೊಂಬು, ಹಂಡೆಗಳ ಕಂಠದ ಮೇಲೆ ಸಣ್ಣ ಉಳಿಯಿಂದ ಚುಕ್ಕೆ ಚುಕ್ಕೆಯಾಗಿ ಹೆಸರು, ಕೆಲವೊಮ್ಮೆ ಮದುವೆಯ ದಿನಾಂಕ ಬರೆಸುತ್ತಿದ್ದರು. ವಿದ್ಯುತ್ ಉಳಿ ಬಂದ ಮೇಲೆ ಅಕ್ಷರ ಓರೆಯಾದ ಗೆರೆಗಳಾದವು. ಹತ್ತಾರು ಮನೆಯ ಪಾತ್ರೆ ಒಂದೇ ಮದುವೆ ಮನೆಗೆ ಹೋಗಿಬರುವಾಗ ಗುರುತಿಗೆಂದು ಆರಂಭವಾದ ಈ ಬರಹ ಮುಂದೆ ಸ್ಮಾರಕವೇ ಆಯಿತು. ಅಕ್ಷರ ಕಲಿಯುವ ಮಗು ಬಚ್ಚಲ ಮನೆಯ ತಾಮ್ರದ ಹಂಡೆಯ ಮೇಲೆ ಮುತ್ತಜ್ಜಿಯ ಹೆಸರನ್ನು ಬೆರಳಿಂದ ಸವರಿ ಓದುತ್ತಿತ್ತು. 1960ರ ದಶಕದಿಂದ ಸ್ಟೀಲು ಬಂತು. ಕಲಾಯಿ ಹಾಕಿಸುವ ತೊಡಕಿಲ್ಲ, ಹುಣಸೆಹಣ್ಣು ಹಾಕಿ ಉಜ್ಜುವ ಶ್ರಮವಿಲ್ಲ. ಹಳೆಯ ಹಿತ್ತಾಳೆಯನ್ನು ತೂಕಕ್ಕೆ ಹಾಕಿ ಹೊಸ ಪಾತ್ರೆ ತರುವುದು ಮನೆಮನೆಯ ರೂಢಿಯಾಯಿತು. ದಿನವೂ ತಿಕ್ಕಿ ತೊಳೆದು ಸೊಂಟ ನೋಯಿಸಿಕೊಂಡ ಹೆಂಗಸರನ್ನು ಇದಕ್ಕಾಗಿ ದೂರುವುದು ಅನ್ಯಾಯ. ಕರಗಿಹೋದ ಹೆಸರುಗಳಂತೂ ಮರಳಿ ಬರಲಿಲ್ಲ. ಈ ಬಡಾವಣೆಯ ಹೆಂಗಸರ ಹೆಸರುಗಳು ಮನೆಯ ಮುಂದಿನ ಫಲಕದಲ್ಲಿ ಕಾಣದಿದ್ದ ಕಾಲದಲ್ಲಿ ಪಾತ್ರೆಯ ಕಂಠದ ಮೇಲೆ ಇದ್ದವು. ಇಷ್ಟು ದೊಡ್ಡ ದಾಖಲೆ ಗುಜರಿಯ ತಕ್ಕಡಿಯಲ್ಲಿ ಮುಗಿಯಿತು.

ಅಣ್ಣ ತಮ್ಮಂದಿರು ಪಾಲಾದಾಗಲೂ ಇದೇ ಸಂಕಟ. ಮನೆ, ಹೊಲ, ಒಡವೆಗಳಿಗೆ ಬೆಲೆ ಕಟ್ಟಬಹುದು. ಅಜ್ಜನ ಪಂಚಪಾತ್ರೆ ಉದ್ಧರಣೆ ಯಾರಿಗೆ, ಕನ್ನಡಕದ ಡಬ್ಬಿ ಯಾರಿಗೆ ಎಂಬುದಕ್ಕೆ ಪಂಚಾಯಿತಿಯಲ್ಲಿ ಉತ್ತರವಿಲ್ಲ. ಪೂಜೆಯ ಸಾಮಾನು ದೇವರಿರುವ ಮನೆಗೆ, ಅಂದರೆ ಹೆಚ್ಚಾಗಿ ಹಿರಿಯ ಮಗನಿಗೆ. ಉಳಿದ ಚಿಲ್ಲರೆ ವಸ್ತುಗಳನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಮಕ್ಕಳ ಕೈಗೆ ಸೇರಿದ್ದು ಇವೇ. ನಶ್ಯದ ಡಬ್ಬಿ, ಶಾಯಿಯ ಪೆನ್ನು, ಅಡಕತ್ತರಿ, ಕೀಲಿ ಕಳೆದ ಬೀಗ. ಬೆಲೆ ಇಲ್ಲದ್ದರಿಂದಲೇ ಅವುಗಳ ಮೇಲೆ ಮಗುವಿನ ಹಕ್ಕು ಪೂರ್ತಿಯಾಗಿತ್ತು.

ಫೋಟೋ ಈ ಸಾಲಿಗೆ ತಡವಾಗಿ ಬಂದದ್ದು. ಮೊದಲು ಅದು ಸ್ಟುಡಿಯೋಕ್ಕೆ ಹೋಗಿ ಕುರ್ಚಿಯಲ್ಲಿ ಅಲುಗಾಡದೆ ಕೂತು ತೆಗೆಸಿಕೊಳ್ಳುವ, ಜೀವಮಾನದಲ್ಲಿ ಒಂದೆರಡು ಬಾರಿಯ ಸಂಗತಿ. ಸತ್ತ ಮೇಲೆ ಅದೇ ಫೋಟೋವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ದೇವರ ಪಟಗಳ ಸಾಲಿನಿಂದ ಬೇರೆಯಾಗಿ ನಡುಮನೆಯ ಗೋಡೆಗೆ ತೂಗುಹಾಕುತ್ತಾರೆ. ಮದುವೆಯ ಕಾಲದ ಒಂದೇ ಫೋಟೋ ಇದ್ದಲ್ಲಿ ಮಗು ಗೋಡೆಯ ಮೇಲೆ ಕಂಡದ್ದು ತಾನು ಎಂದೂ ನೋಡದ ಎಳೆಯ ಹುಡುಗಿಯನ್ನು. ‘ಇದು ನಮ್ಮಜ್ಜಿ ಅಲ್ಲ’ ಎಂದು ಹಟ ಹಿಡಿದ ಮಕ್ಕಳಿಗೆ ಫೋಟೋದಲ್ಲಿನ ಓಲೆಯನ್ನೋ ಬಳೆಯನ್ನೋ ತೋರಿಸಿ ನಂಬಿಸಬೇಕಾಗುತ್ತಿತ್ತು. ಗೋಡೆಯ ಪಟಕ್ಕೆ ಗಂಧದ ಚಕ್ಕೆಯ ಹಾರ ಒಂದು ಸಲ ಹಾಕಿದರೆ ವರ್ಷಾನುಗಟ್ಟಲೆ ಇರುತ್ತದೆ. ತಿಥಿಯ ದಿನ ಮಾತ್ರ ಗಾಂಧಿ ಬಜಾರಿನ ಹೂವಿನವರಿಂದ ಮಲ್ಲಿಗೆ, ಸುಗಂಧರಾಜ ಬರುತ್ತದೆ. ಎಲ್ಲಕ್ಕಿಂತ ಸುಲಭವಾಗಿ ಕೈಗೆ ಸಿಗುವ ನೆನಪೆಂದು ಫೋಟೋವನ್ನು ಹೆಚ್ಚು ನಂಬುವುದು ಈಗಿನ ರೂಢಿ. ಅದನ್ನು ನೋಡಬಹುದು, ಅದರಿಂದ ಕೆಲಸ ಮಾಡಲಾಗದು. ಮಗುವಿಗೆ ಬೇಕಾದದ್ದು ಕೈಗೆ ಕೆಲಸ ಕೊಡುವ ವಸ್ತು.

ಹೆಸರೂ ಒಂದು ಬಳುವಳಿ. ಮೊದಲ ಮೊಮ್ಮಗನಿಗೆ ತಂದೆಯ ತಂದೆಯ ಹೆಸರಿಡುವ ಪದ್ಧತಿ ಈ ಮನೆಗಳಲ್ಲಿ ಗಟ್ಟಿಯಾಗಿತ್ತು. ಮಾವನ ಹೆಸರನ್ನು ಸೊಸೆ ಬಾಯಲ್ಲಿ ಹೇಳುವಂತಿಲ್ಲ. ಹೀಗಾಗಿ ಆ ಹೆಸರಿನ ಮಗುವನ್ನು ಅದರ ತಾಯಿ ಪುಟ್ಟು, ಮರಿ, ರಾಜ ಎಂದೇ ಕರೆದು ಬೆಳೆಸುತ್ತಿದ್ದಳು. ಶಾಲೆಯ ಹಾಜರಿಯಲ್ಲಿ ತನ್ನ ಹೆಸರು ಕೂಗಿದಾಗ ಹುಡುಗ ಓಗೊಡುವುದನ್ನು ಕಲಿಯಬೇಕಾಗುತ್ತಿತ್ತು, ಏಕೆಂದರೆ ಅದು ಅವನ ಮಟ್ಟಿಗೆ ಇನ್ನೂ ತಾತನ ಹೆಸರು. ತಾತ ಹೋದ ಮೇಲೆ ಅದೇ ಹೆಸರನ್ನು ಮನೆಯವರು ಕೂಗಲು ಹಿಂಜರಿಯುತ್ತಿದ್ದುದೂ ಉಂಟು.

ಗವಿಪುರದಲ್ಲಿ ಒಂದು ಮನೆಯ ವಸ್ತುಗಳು ಇಡೀ ನಾಡಿನ ಬಳುವಳಿಯಾಗಿವೆ. ಮಾಸ್ತಿ ವೆಂಕಟೇಶ ಅಯ್ಯಂಗಾರರು 1891ರ ಜೂನ್ 6ರಂದು ಹುಟ್ಟಿದವರು, 1986ರಲ್ಲಿ ಅದೇ ದಿನ ತೀರಿಕೊಂಡರು. ‘ಚಿಕ್ಕವೀರ ರಾಜೇಂದ್ರ’ ಕಾದಂಬರಿಗಾಗಿ ಜ್ಞಾನಪೀಠ ಪಡೆದ ಈ ಕತೆಗಾರರನ್ನು ಗಾಂಧಿ ಬಜಾರಿನ ಎರಡು ಮೂರು ತಲೆಮಾರು ಬೀದಿಯಲ್ಲಿ ನಡೆದು ಹೋಗುವ ಅಜ್ಜನಾಗಿ ಕಂಡಿತ್ತು. ಅವರ ಮನೆಯನ್ನು ಉಳಿಸಿ, ಅವರು ಬಳಸಿದ ಸಾಮಾನುಗಳನ್ನು ಅಲ್ಲೇ ಜೋಡಿಸಿ ತೋರಿಸಲಾಗಿದೆ. ನಾಗಸಂದ್ರ ರಸ್ತೆಯನ್ನು ಡಿ.ವಿ.ಜಿ. ರಸ್ತೆ ಎಂದು ಕರೆದದ್ದು ಇನ್ನೊಂದು ಬಗೆಯ ಗೌರವ. ತಾವು ಕಂಡ ಹಿರಿಯರನ್ನು ‘ಜ್ಞಾಪಕ ಚಿತ್ರಶಾಲೆ’ಯ ಎಂಟು ಸಂಪುಟಗಳಲ್ಲಿ ಉಳಿಸಿದ ಡಿ.ವಿ. ಗುಂಡಪ್ಪನವರು 1975ರಲ್ಲಿ ತೀರಿಕೊಂಡರು. ಬೀದಿಗೆ ಹೆಸರಿಟ್ಟರೆ ದೊಡ್ಡವರಿಗೆ ತೃಪ್ತಿ. ಶಾಲೆಯ ಮಕ್ಕಳಿಗೆ ಹೆಚ್ಚು ಹೇಳುವುದು ಮಾಸ್ತಿಯವರ ಮನೆಯಂಥ ಜಾಗ. ಅಲ್ಲಿ ಒಬ್ಬ ಅಜ್ಜ ಇದ್ದರು ಎಂದು ನಂಬಲು ಬೇಕಾದ ಅಳತೆಯಲ್ಲಿ ವಸ್ತುಗಳಿವೆ.

ಪಶ್ಚಿಮದ ಮನಶ್ಶಾಸ್ತ್ರ ಈ ವಿಷಯಕ್ಕೆ ಸುತ್ತುದಾರಿಯಿಂದ ಬಂತು. ಫ್ರಾಯ್ಡ್ 1917ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ದುಃಖವೆಂದರೆ ಸತ್ತವರಿಂದ ಮನಸ್ಸನ್ನು ಮೆಲ್ಲಮೆಲ್ಲನೆ ಬಿಡಿಸಿಕೊಳ್ಳುವ ಕೆಲಸ ಎಂದಿದ್ದರು. ಬಹುಕಾಲ ಅದೇ ಮತ ನಡೆಯಿತು. ಸತ್ತವರ ವಸ್ತುವಿಗೆ ಅಂಟಿಕೊಳ್ಳುವುದನ್ನು ಕಾಯಿಲೆಯ ಲಕ್ಷಣವೆಂದು ಕಂಡವರೂ ಇದ್ದರು. ಅಮೆರಿಕದ ಫಿಲಿಸ್ ಸಿಲ್ವರ್‌ಮನ್ ಮತ್ತು ವಿಲಿಯಂ ವರ್ಡನ್ 70 ಕುಟುಂಬಗಳ 125 ಶಾಲಾ ಮಕ್ಕಳನ್ನು ಎರಡು ವರ್ಷ ಗಮನಿಸಿದಾಗ ಬೇರೆಯೇ ಚಿತ್ರ ಕಂಡಿತು. ಇವರು ತಂದೆ ಅಥವಾ ತಾಯಿಯನ್ನು ಕಳೆದುಕೊಂಡ ಮಕ್ಕಳು. ಬಹಳ ಮಕ್ಕಳು ಸತ್ತವರದೊಂದು ವಸ್ತುವನ್ನು ಇಟ್ಟುಕೊಂಡಿದ್ದರು, ಅವರೊಡನೆ ಮನಸ್ಸಿನಲ್ಲಿ ಮಾತಾಡುತ್ತಿದ್ದರು, ಬೆಳೆದಂತೆ ಆ ಸಂಬಂಧವನ್ನು ಬದಲಿಸಿಕೊಳ್ಳುತ್ತಿದ್ದರು. 1996ರಲ್ಲಿ ಸಿಲ್ವರ್‌ಮನ್, ಡೆನಿಸ್ ಕ್ಲಾಸ್ ಮತ್ತು ಸ್ಟೀವನ್ ನಿಕ್‌ಮನ್ ಸಂಪಾದಿಸಿದ ಗ್ರಂಥ ಈ ಮುಂದುವರಿಯುವ ಬಾಂಧವ್ಯವನ್ನು ಆರೋಗ್ಯದ ಭಾಗವೆಂದೇ ವಾದಿಸಿತು. ಅಜ್ಜ ಅಜ್ಜಿಯರ ಸಾವಿಗೆ ಆ ಅಂಕಿಗಳನ್ನು ನೇರವಾಗಿ ಅನ್ವಯಿಸಲಾಗದು. ಆದರೂ ತರ್ಪಣದಲ್ಲಿ ಸತ್ತವರ ಸ್ಥಾನ ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತದೆ, ಸಂಬಂಧ ಕಡಿಯುವುದಿಲ್ಲ ಎಂದು ನಂಬಿದ ಮನೆಗಳಿಗೆ ಈ ತೀರ್ಮಾನ ಅಪರಿಚಿತವಾಗಿ ಕಾಣಲಾರದು.

ಇಪ್ಪತ್ತನೆಯ ಶತಮಾನದ ಕೊನೆಯಿಂದ ಇಲ್ಲಿನ ಮನೆಗಳು ಬದಲಾದವು. ಒಂದು ಅಂಗಳ, ಒಂದು ನಲ್ಲಿಯ ಸುತ್ತ ಸಾಲಾಗಿದ್ದ ವಠಾರಗಳು ಕಡಿಮೆಯಾದವು; ಹಿತ್ತಲಿದ್ದ ಮನೆಗಳ ಜಾಗದಲ್ಲಿ ಅಪಾರ್ಟ್‌ಮೆಂಟುಗಳು ಎದ್ದವು. ಅಪಾರ್ಟ್‌ಮೆಂಟಿಗೆ ಅಟ್ಟವಿಲ್ಲ. ಹನ್ನೊಂದು ಮೆಟ್ಟಿಲಿನ ಗೊಂಬೆ ಐದಕ್ಕೆ, ಮೂರಕ್ಕೆ ಇಳಿಯಿತು. ಉಳಿದವನ್ನು ದೇವಸ್ಥಾನಕ್ಕೋ ಸಂಘ ಸಂಸ್ಥೆಗೋ ಕೊಟ್ಟವರಿದ್ದಾರೆ, ಹೆಣ್ಣುಮಕ್ಕಳಲ್ಲಿ ಹಂಚಿದವರಿದ್ದಾರೆ. ಪಟ್ಟದ ಜೋಡಿಯನ್ನು ಮಾತ್ರ ಬೇರ್ಪಡಿಸುವುದಿಲ್ಲ. ಅಮೆರಿಕದ ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾಗಳ ಕನ್ನಡ ಮನೆಗಳಲ್ಲಿ ದಸರಾಕ್ಕೆ ಕೂರುವ ಎಷ್ಟೋ ರಾಜ ರಾಣಿಯರು ಹೀಗೆ ಸೂಟ್‌ಕೇಸಿನ ಬಟ್ಟೆಗಳ ನಡುವೆ ವಿಮಾನದಲ್ಲಿ ಹೋದವರು. ಅಜ್ಜಿಯ ಕೊನೆಯ ದಿನಗಳನ್ನು ವಿಡಿಯೋ ಕರೆಯಲ್ಲಿ ಕಂಡ ಮೊಮ್ಮಕ್ಕಳಿಗೆ ಅವಳ ಮನೆಯಿಂದ ಬಂದು ಮುಟ್ಟಲು ಸಿಗುವ ವಸ್ತು ಬಹುಶಃ ಅದೊಂದೇ. ಅಲ್ಲಿ ಕೆಲಸದ ದಿನಗಳ ಲೆಕ್ಕದಲ್ಲಿ ಹಬ್ಬ ವಾರಾಂತ್ಯಕ್ಕೆ ಸರಿಯುವುದುಂಟು, ಮಹಾಲಯಕ್ಕೂ ಪಾಡ್ಯಕ್ಕೂ ಇದ್ದ ಒಂದು ರಾತ್ರಿಯ ಅಂತರ ಅಳಿಸಿಹೋಗುವುದೂ ಉಂಟು. ಕ್ರಮ ಹೇಳಿಕೊಡುವ ಕೆಲಸ ಫೋನಿನಲ್ಲಿ ನಡೆಯುತ್ತದೆ. ಕಳೆದ ವರ್ಷದ ಚಿತ್ರ ನೋಡಿ ಗೊಂಬೆಗಳನ್ನು ಇಡುತ್ತಾರೆ.

ಗಾಂಧಿ ಬಜಾರಿನ ಬೀದಿಯಲ್ಲಿ ಪಿತೃಪಕ್ಷದ ಕೊನೆಯ ವಾರ ದರ್ಭೆಯ ಕಟ್ಟು, ಬಾಳೆಲೆ, ಎಳ್ಳಿನ ವ್ಯಾಪಾರ ನಡೆಯುತ್ತದೆ. ಅಮಾವಾಸ್ಯೆಯ ಸಂಜೆಯ ಹೊತ್ತಿಗೆ ಸೇವಂತಿಗೆ, ಮಾವಿನ ಸೊಪ್ಪು, ಕಳಶದ ತೆಂಗಿನಕಾಯಿಗಳು ಅವುಗಳ ಜಾಗಕ್ಕೆ ಬರುತ್ತವೆ. ಹೊಸ ಗೊಂಬೆಗಳೂ ಮಾರಾಟಕ್ಕಿರುತ್ತವೆ. ವರ್ಷಕ್ಕೊಂದಾದರೂ ಹೊಸ ಗೊಂಬೆ ಕೊಳ್ಳಬೇಕೆಂಬುದು ರೂಢಿ, ಅದನ್ನು ಆರಿಸುವವರು ಸಾಮಾನ್ಯವಾಗಿ ಮನೆಯ ಮಕ್ಕಳೇ.